ನಾಕ ಬಳ್ಳ ಉಸುಕು

...ಸೆರಗ ಹಂಗ ಗದ್ದದ ಮಟಾ ಎಳಕೊಂಡ ಕುಂತ್ರ, ನಾ ಯಾರ ಕೂಡ ಮಾತಾಡಾಕತ್ತೇನಿ ಅಂತ ನನಗರ ಹೆಂಗ ತಿಳೀಬೇಕಬೇ ಸಾವಕ್ಕಾ? ಗ್ವಾಡಿ ಕೂಡ ಮಾತಾಡಿದಂಗ ಆಗ್ತೈತಿ. ಹ್ಞೂಂ ಅನ್ನು, ಇಲ್ಲಾ ಊಂಹೂಂ ಅನ್ನು. ಈ ಧರೆಪ್ಪಗೌಡ ಎಂದರ ಕುರುಬರ ಗುಡಸಲಕ್ಕ ಬಂದು ನೆಲದ ಮ್ಯಾಲ ಕುಂತಿದ್ನೇನು? ನಮ್ಮಪ್ಪ ಕುಂತಿದ್ನೇನು? ನಾ ಕುಂತೇನಿ ನೋಡು. ಧೋತರಕ್ಕ ಕುರಿ ಹಿಕ್ಕಿ ಹತ್ತಿದ್ರೂ ಕುಂತೇನಿ.

ಮತ್ತೊಮ್ಮೆ ಹೇಳ್ತೇನಿ, ಕಿವಿಗೊಟ್ಟ ಕೇಳು. ಫೌಜದಾರ ಚಿಕ್ಕೋಡಿ ಬಿಟ್ಟಾನ. ಕಬ್ಬೂರ ದಾಟಿರಬೇಕ ಇಷ್ಟೊತ್ತಿಗಿ. ಬಂದು ನಿನ್ನ ಕೇಳ್ತಾನ: ನಿನ್ನ ಗಂಡ ಮಲಕಾರಿಗಿ ಏನಾತು? ನೀ ಹೇಳೂದು ಒಂದ ಮಾತು. ‘ಗೌಡ್ರ ಎತ್ತು ಇರೀತ್ರಿ.’ ತೀರಿತು. ಎತ್ತು ಹಗ್ಗಾ ಹರಕೊಂಡ್ತು, ಮಲಕಾರಿ ಹಿಡ್ಯಾಕ ಹ್ವಾದಾ, ಹೊಟ್ಟಿಗಿ ಇರೀತು. ಮೂಕ ಪ್ರಾಣಿ ಮ್ಯಾಲ ಯಾವ ಫೌಜದಾರ ಕೇಸ ಹಾಕ್ತಾನ?

ಅಂವಾ ಅಲ್ಲಿ ಮಿರಜದಾಗ ಆರಾಮ ಅದಾನ. ಗ್ಲುಕೋಸ ಹಚ್ಯಾರ. ನಿನ್ನಿ ಅರ್ಧಾ ರೊಟ್ಟಿ ತಿಂದ. ನಿನ್ನ ಮೈದುನ ಬಾಳು ಮಗ್ಗಲದಾಗ ಕುಂತಾನ, ಗಾಳಿ ಬೀಸಾಕತ್ತಾನ. ಡಾಕ್ಟರ ಹೇಳ್ಯಾರ, ಹೊಲಿಗಿ ಹಾಕೇವಿ, ಹಬ್ಬಕ್ಕ ಎದ್ದ ಓಡಾಡ್ತಾನ ಅಂತ. ಖರ್ಚಾ ಎಲ್ಲಾ ನಂದು. ನೀ ಅದರ ಉಸಾಬರಿ ಬಿಡು.

ಆಂ? ...ನಾನ ತಪ್ಪಿ ಕೇಳಿದ್ನಿ.

ಯಾಕ, ಯಾಕ ನಗ್ತಿ? ಸೆರಗಿನಾಗ ನಕ್ಕ್ರ ನನಗ ಕಾಣೂದಿಲ್ಲ ಅಂತ ಮಾಡೀಯೇನು? ಹೆಗಲ ಅಳ್ಳಾಡಾಕತ್ತಾವ! ನಗಬ್ಯಾಡ ಸಾವಕ್ಕಾ. ನಕ್ಕಿದ್ಕ ಅಲಾ ಎಲ್ಲಾ ಆಗಿದ್ದು. ಹೆಣ್ಣ ನೋಡಾಕ ಬಂದ ಪಾವಣ್ಯಾರು ನಕ್ರು, ಊರ ನಕ್ಕತು, ಈಗ ನೀನೂ ನಗು. ಮೀನಿನ ಸಲವಾಗಿ ಗೌಡ ಮನಶ್ಯಾನ ಹೊಡದಾ ಅಂತ ನಗು. ಕಪಾಳಕ್ಕ ಒಂದ ಬಿತ್ತಂದ್ರ ಹಲ್ಲ ಆರಸಬೇಕಾಗ್ತೈತಿ... ಇಲ್ಲ, ಇಲ್ಲ. ಹೆದರಬ್ಯಾಡ. ಕೈ ಎತ್ತಿಲ್ಲ ನಾ. ಎತ್ತಿದ್ದ ಕೈ ಕೆಳಗಿಟ್ಟೇನಿ ನೋಡು.

ಅದು ಬರೇ ಮೀನಲ್ಲಬೇ.

ನೀ ಒಳಗ ಬಂದ ಆ ಮೀನಿನ ಟಾಕಿ ನೋಡಿಲ್ಲ, ಕಿಡಕ್ಯಾಗಿಂದ ಇಣಿಕಿ ನೋಡಿದ್ದಿ. ಗಣಪತಿಪುಳೆಕ್ಕ ಹ್ವಾದಾಗ ನಾ ಸಮುದ್ರಾ ನೋಡಿದ್ನಿ, ಜಲಮದಾಗ ಮದಲನೇ ಸಲ. ಕೃಷ್ಣಾ ಹೊಳಿ, ಕಾಲಿವಿ, ಬಾವಿ ಬಿಟ್ರ ನೀರಂದ್ರ ಏನ ಗೊತ್ತಿತ್ತ ನನಗ? ಮೊಳಕಾಲ ಮಟಾ ನಿಂತ್ನಿ, ನಿಂತ ಅತ್ನಿ. ಹೌದು, ಅತ್ನಿ! ಗಂಡಸ ಮನಶ್ಯಾ, ಟೋಪಿಗಿ ಮಾರಿ ಒರಸಿಕೊಂಡ ಅತ್ನಿ. ಅವತ್ತ ಅನಸ್ತು, ಇದರಾಗಿಂದ ಒಂದ ತುಣಕ ಮನಿಗಿ ಒಯ್ಯಬೇಕು. ಇಷ್ಟ ಹೊಲಾ ಗಳಿಸೇನಿ, ದ್ರಾಕ್ಷಿ ಹಚ್ಚೇನಿ, ಒಂದ ಟಾಕಿ ಸಮುದ್ರಾ ಇಟಗೊಂಡ್ರ ಯಾರಪ್ಪನ ಗಂಟ ಹೋಗ್ತೈತಿ?

ಕಸ್ತೂರೆವ್ವ ಬಡಕೊಂಡ್ಲು. ‘ಲಿಂಗಾ ಕಟ್ಟಿದ ಮನ್ಯಾಗ ಮೀನಾ? ನಾಳಿ ಪಡಸಾಲ್ಯಾಗ ಕ್ವಾಣಾ ತಂದ ಕಟ್ರಿ’ ಅಂದ್ಲು. ‘ತಿನ್ನಾಕಲ್ಲ, ನೋಡಾಕ’ ಅಂದ್ನಿ. ‘ನೋಡೂದಿದ್ರ ನನ್ನ ನೋಡ್ರಿ’ ಅಂದ್ಲು, ಹಹಾ... ಹೇಂತಿ ಮಾತ ಯಾರ ಕೇಳ್ತಾರ? ರತ್ನಾಗಿರಿಗಿ ದ್ರಾಕ್ಷಿ ಒಯ್ದ ಟ್ರಕ್ಕಿನಾಗ ಹೊಳ್ಳಿ ಬರುವಾಗ ಕ್ಯಾನ ತುಂಬ ಉಪ್ಪನೀರ ತರಸಿದ್ನಿ. ಉಸುಕೂ ಅಲ್ಲಿದ. ಸಕ್ಕರಿಯಂಥಾ ಬೆಳ್ಳನ್ನ ಉಸುಕು. ಕಾಜಿನ ಟಾಕಿ ಸಾಂಗ್ಲ್ಯಾಗ ಮಾಡಿಸಿದ್ನಿ. ಮೀನ ಮುಂಬೈದು. ಒಂದ ಜೋಡಿ ಕಿತ್ತಳಿ ಬಣ್ಣದ್ದು, ಬಿಳೆ ಪಟ್ಟಿ. ಒಂದ ಹಳದೀದು, ತಗಡಿನಂಗ ತೆಳ್ಳಗ. ರಾತ್ರಿ ಕರೆಂಟ ಹ್ವಾದ್ರ ನಿನ್ನ ಗಂಡ ಸೈಕಲ್ ಪಂಪ ತಗೊಂಡು ಅದರಾಗ ಗಾಳಿ ಊದತಿದ್ದ. ಅಂವಗೂ ಪಿರೂತಿ ಇತ್ತು ಅವುಗೋಳ ಮ್ಯಾಲ. ಇತ್ತು, ನಾ ಇಲ್ಲ ಅನ್ನೂದಿಲ್ಲ.

ಐತಿ. ಪಿರೂತಿ ಐತಿ ಅಂತ ಹೇಳಾಕತ್ತೇನಿ.

ಕೇಳ ಇಲ್ಲಿ, ತಪ್ಪ ಎಲ್ಲಿ ಆತು ಅಂತ ಹೇಳ್ತೇನಿ. ಮುಂಬೈ ಅಂಗಡ್ಯಾಂವ ಒಂದ ಮಾತು ಒತ್ತಿ ಒತ್ತಿ ಹೇಳಿದ್ದ, ಮರಾಠ್ಯಾಗ. ‘ಪಾಟೀಲಸಾಹೇಬ, ಎಲ್ಲಾ ತಳದಾಗ ಐತಿ. ಉಸುಕು ತೆಳ್ಳಗಿದ್ರ ಉಸರಾಡ್ತೈತಿ. ದಪ್ಪಾದ್ರ ಮ್ಯಾಲ ಬೆಳ್ಳಗ ಕಾಣ್ತೈತಿ, ಒಳಗ ಕೊಳೀತೈತಿ, ಇಸಾ ಆಗ್ತೈತಿ.’ ನಾ ಟಾಕಿ ಉದ್ದಾ ಅಗಲಾ ನೋಡಿ ಮನಸ್ಸಿನಾಗ ಅಂದಾಜ ಹಾಕಿದ್ನಿ. ನಮ್ಮ ಮನ್ಯಾಗ ಜ್ವಾಳಾ ಅಳಿಯೂ ಬಳ್ಳ ಐತಲಾ, ಹಿತ್ತಾಳೀದು, ಅದರ್ಲೇ ನಾಕ ಬಳ್ಳ ಸುರವಿದ್ರ ತಳಕ್ಕ ತೆಳ್ಳಗ ಬರೋಬರಿ ಕೂಡ್ತೈತಿ ಅಂತ.

ಅವತ್ತ ಸಾಂಗ್ಲಿಗಿ ಹೊಂಟಿದ್ನಿ, ಒಣದ್ರಾಕ್ಷಿ ಮನೂಕ ಮಾರಾಕ. ಒಂದ ಕಾಲ ಜೀಪಿನಾಗ ಇಟ್ಟು ಕೂಗಿ ಹೇಳಿದ್ನಿ: ‘ಮಲಕಾರೀ, ನಾಕ ಬಳ್ಳ ಉಸುಕ ಹಾಕಿಡಲೇ ಟಾಕ್ಯಾಗ!’

ನಾಕ ಬಳ್ಳ ಅಂದ್ರ ಏನಬೇ? ನೀನ ಹೇಳು. ಜ್ವಾಳದ ಬಳ್ಳ ನಾಕಲ್ಲೇನು? ಆದ್ರ ನಿನ್ನ ಗಂಡ ಏನ ಮಾಡಿದಾ? ಕೈಬಳ್ಳ! ಕಾಜಿಗಿ ಅಡ್ಡ ನಾಕ ಬೆರಳ ಹಚ್ಚಿ, ಹಿಂಗ, ಹಿಂಗ ನೋಡು, ಕಿರಿಬಳ್ಳ ತಳಕ್ಕ, ತೋರಬಳ್ಳ ಮ್ಯಾಲ, ಅಲ್ಲೀ ಮಟಾ ಉಸುಕ ತುಂಬಿದಾ! ಬೆರಳಿಗೂ ಬಳ್ಳ ಅಂತೇವಿ, ಅಳತಿಗೂ ಬಳ್ಳ ಅಂತೇವಿ, ಖರೆ. ಆದ್ರ ಮನಶ್ಯಾಗ ತಲಿ ಬ್ಯಾಡಾ? ಕುರಿ ಕಾಯೂ ತಲಿ!

...ಹಂಗ ನೋಡಬ್ಯಾಡ. ಸೆರಗ ಒಂಚೂರ ಸರದ್ರ ಕಣ್ಣ ಕಾಣಸಾಕತ್ತಾವ, ಮುಚಗೋ. ಮುಚಗೋ ಅಂದ್ನಿ.

ಆತು! ಕೇಳಿದ್ದಾ. ಕೇಳಿದ್ದಾ ಅಂವಾ. ‘ಯಾವ ಬಳ್ಳರೀ ಗೌಡ್ರ, ಕೈದೋ ಜ್ವಾಳದ್ದೋ?’ ಅಂತ ಓಡಿ ಬಂದು ಜೀಪಿನ ಬಾಗಲಾ ಹಿಡದ ಕೇಳಿದ್ದಾ. ನನಗ ಹೊತ್ತಾಗಿತ್ತು. ‘ಬಳ್ಳ ಅಂದ್ರ ಬಳ್ಳಲೇ ಮಗನ’ ಅಂದ ಗಾಡಿ ಬಿಟ್ನಿ. ಇಷ್ಟ. ಇಷ್ಟಕ್ಕ ಯಾರರ ನನ್ನ ತಪ್ಪ ಅಂತಾರೇನು? ದಿನಾ ನೂರ ಮಾತ ಹೇಳ್ತಿರತೇವಿ ಆಳಿಗಿ. ಒಂದೊಂದೂ ಬಿಡಿಸಿ ಹೇಳ್ಕೋಂತ ನಿಂತ್ರ ಒಕ್ಕಲತನ ಸಾಗ್ತೈತಿ?

ಬಂದ ನೋಡಿದ್ನಿ. ದಪ್ಪ ಆಗೇತಿ ಅಂತ ಗೊತ್ತಾತು. ತಗಸಬೇಕ ಅನ್ಕೊಂಡ್ನಿ... ಆದ್ರ ಚಂದ ಕಂಡತು ಸಾವಕ್ಕಾ. ದೀಪಾ ಹಚ್ಚಿದ್ರ ಸಮುದ್ರದ ದಂಡಿ ಮನ್ಯಾಗ ಬಂದಂಗ. ಇರ್ಲಿ ಬಿಡು ಅಂದ್ನಿ. ಬ್ಯಾಸಗಿ ಹ್ವಾತು, ಮಳಿ ಹ್ವಾತು, ಮೀನ ಆಡ್ಕೋಂತ ಇದ್ದೂ. ಊರ ಮಂದಿ ಬಂದ ಬಂದ ನೋಡೇ ನೋಡಿದ್ರು. ಮುಗಳಖೋಡದಿಂದ, ಅಥಣಿಯಿಂದ ಬಂದ್ರು. ಅಂಗಡ್ಯಾಂವ ಸುಳ್ಳ ಹೇಳ್ಯಾನ ಅಂದ್ನಿ.

ಮತ್ತ ಅವತ್ತ... ಮಂಗಲಾನ ನೋಡಾಕ ಸಾಂಗ್ಲಿ ಪಾವಣ್ಯಾರು ಬರೂದಿತ್ತು. ನನ್ನ ಮಗಳ ಸೀರಿ ಉಟಗೊಂಡ, ಮಲ್ಲಿಗಿ ಮುಡಕೊಂಡ ತಯಾರಾಗಿ ಕುಂತಿದ್ಲು. ಹುಡುಗ ಸಕ್ಕರಿ ಕಾರಖಾನ್ಯಾಗ ಇಂಜಿನೀರ. ಮನಿತನ ಅಂದ್ರ ಹಾಲಿನಂಥಾ ಮನಿತನ, ಕಟ್ಟಾ ಲಿಂಗಾಯತರು, ಉಳ್ಳಾಗಡ್ಡಿ ಸುದ್ದಾ ತಿನ್ನೂದಿಲ್ಲ. ಅವರು ಬಾಗಲದಾಗ ಕಾಲ ಇಡೂಕ, ಮೀನ ಎಲ್ಲಾ ಹೊಟ್ಟಿ ಮ್ಯಾಲ ಮಾಡಿ ತೇಲಾಕತ್ತಾವ! ಮತ್ತ ನಾತ. ಏನ ನಾತ ಅಂತಿ! ಕೊಳತ ತತ್ತಿ ನಾತ. ಪಡಸಾಲಿ ತುಂಬ ತತ್ತಿ, ತತ್ತಿ, ತತ್ತಿ. ಊದಬತ್ತಿ ಹಚ್ಚಿದ್ಲು ಕಸ್ತೂರೆವ್ವ, ಊದಬತ್ತಿ ಕೂಡ ಕೂಡಿ ಇನ್ನಷ್ಟ ಕೆಟ್ಟ ಆತು.

ಪಾವಣ್ಯಾರಾಗಿನ ಮುದುಕ ಒಬ್ಬ ಮೂಗಿಗಿ ಧೋತರದ ಚುಂಗ ಹಿಡದಾ. ‘ಯಾಕ್ರಿ ಗೌಡ್ರ, ನಿಮ್ಮ ಮನ್ಯಾಗ ತತ್ತಿ ನಡೀತೈತೇನ್ರಿ?’ ಅಂದಾ. ಅಂದು ನಕ್ಕಾ. ಹೆಣಮಕ್ಕಳು ಸೆರಗ ಬಾಯಿಗಿ ಹಚಗೊಂಡು ನಕ್ರು. ಇದು ಮೀನರೀ, ಟಾಕಿ ವಾಸನಿರೀ ಅಂತ ಹೇಳಾಕ ಹ್ವಾದ್ರ, ‘ಮೀನೂ ನಡೀತೈತೋ ಹಂಗಾರ?’ ಅಂದ್ಲು ಒಬ್ಬಾಕಿ. ನೀರ ಸುದ್ದಾ ಮುಟ್ಟಲಿಲ್ಲ ಸಾವಕ್ಕಾ. ಅವಲಕ್ಕಿ ಹಂಗ ಇತ್ತು, ಚಾ ಹಂಗ ಇತ್ತು. ಗಾಡಿ ಹತ್ತಿ ಹ್ವಾದ್ರು. ಮಂಗಲಾ ಒಳಗ ಕ್ವಾಲಿ ಬಾಗಲಾ ಹಾಕ್ಕೊಂಡ ಅತ್ತದ್ದು ಇನ್ನೂ ನನ್ನ ಕಿವ್ಯಾಗ ಐತಿ. ಇನ್ನ ಅಕಿನ್ನ ಯಾರ ಮಾಡಿಕೋತಾರ? ರಾಯಬಾಗದಿಂದ ನಿಪ್ಪಾಣಿ ಮಟಾ ಸುದ್ದಿ ಹಬ್ಬೇತಿ, ಧರೆಪ್ಪಗೌಡರ ಮನ್ಯಾಗ ತತ್ತಿ ತಿಂತಾರ ಅಂತ!

ನನ್ನ ಕಣ್ಣ ಮುಂದ ಕತ್ತಲಿ ಬಂತು. ಹಿತ್ತಲದಾಗ ಕಬ್ಬಿಣದ ಹಾರಿ ಇತ್ತು, ಬಂಡೆಗಲ್ಲ ಮೀಟೂದು. ತಂದು ಒಂದ ಹೊಡತ. ಕಾಜ ಸಿಡದು ಮಾರಿಗಿ ಬಡೀತು, ಇಲ್ಲಿ ನೋಡು, ಹುಬ್ಬಿನ ಮ್ಯಾಲ. ನೀರ ಪಡಸಾಲಿ ತುಂಬ. ಉಸುಕ ದಬ್ಬಂತ ಬಿತ್ತು, ಮ್ಯಾಲ ಬೆಳ್ಳಗ, ಒಳಗ ಕಾಡಿಗಿಯಂಗ ಕರ್ರಗ. ಕಿತ್ತಳಿ ಮೀನ ಒಂದು ಇನ್ನೂ ಒದ್ದಾಡತಿತ್ತು. ಎಲ್ಲಾ ಸತ್ತಾವ, ನೀ ಯಾಕ ಇನ್ನೂ ಅದಿ ಅಂತ ಸಿಟ್ಟ ಬಂತು ನೋಡು, ಕಾಲಿಲೇ ಒರಸಿ ಹಾಕಿದ್ನಿ. ನನ್ನ ಕಾಲಿಲೇ. ನಾನ ತಂದದ್ದು, ನಾನ ಹೆಸರಿಟ್ಟದ್ದು.

ಅಷ್ಟೊತ್ತಿಗಿ ನಿನ್ನ ಗಂಡ ಓಡಿ ಬಂದಾ. ಬಂದು ಮೊಳಕಾಲೂರಿ ಕುಂತು ಹಳದೀ ಮೀನ ಎತ್ತಿಕೊಂಡಾ, ಅಂಗೈಯಾಗ. ಅದು ಸತ್ತಿತ್ತು. ನನ್ನ ಮಾರಿ ನೋಡಿದಾ. ಒಂದ ಮಾತ ಅಂದಾ. ‘ಗೌಡ್ರ, ಅವತ್ತ ನಾ ಕೇಳಿದ್ನೆಲ್ರಿ’ ಅಂದಾ.

ಹೇಂತಿ ಮುಂದ, ಮಗಳ ಮುಂದ, ಬಾಗಲದಾಗ ನಿಂತ ಮಂದಿ ಮುಂದ!

ಬಾರಕೋಲ ಗ್ವಾಡಿಗಿ ಇತ್ತು. ಹೊಡದ್ನಿ. ಬೆನ್ನಿಗಿ ಹೊಡದ್ನಿ, ಕಾಲಿಗಿ ಹೊಡದ್ನಿ. ಅಂವಾ ಓಡಲಿಲ್ಲ. ಓಡಿದ್ರ ಬಿಡತಿದ್ನಿ ಸಾವಕ್ಕಾ, ನಮ್ಮಪ್ಪನಾಣಿ ಬಿಡತಿದ್ನಿ. ಮೀನ ಎದಿಗಿ ಅವಚಿಕೊಂಡ ಕುಂತ ಬಿಟ್ಟಾ. ಬಾರಕೋಲ ಮುರೀತು. ಆಮ್ಯಾಲ...

ಆಮ್ಯಾಲ ಏನಿಲ್ಲ. ಅಷ್ಟ. ಎರಡೇಟು.

ಮತ್ತ ಹೊಟ್ಟ್ಯಾಗ ತೂತ ಹೆಂಗಾತು ಅಂತೀಯೇನು? ನೀ ಅನ್ನಲಿಲ್ಲ, ನಾನ ಹೇಳ್ತೇನಿ. ಹಾರಿ ನನ್ನ ಕೈಯಾಗ ಹೆಂಗ ಬಂತೋ ನನಗ ಗೊತ್ತಿಲ್ಲ. ಟಾಕಿ ಒಡದ ಹಾರಿ, ಮಗ್ಗಲದಾಗ ಬಿದ್ದಿತ್ತು. ಒಂದ ಸಲ ಚುಚ್ಚಿದ್ದು. ಒಂದ ಸಲ. ಕೋಡ ತಾಕಿದಂಗ ಕಾಣ್ತೈತಿ ಗಾಯ, ಹಂಗಂತ ಎತ್ತು ಇರೀತು ಅನ್ನಾಕ ಬರ್ತೈತಿ. ಬಾಗಲದಾಗ ನಿಂತ ಮಂದೀನೂ ಅದನ್ನ ಹೇಳ್ತಾರ. ನೀ ಆಗ ಅಡವ್ಯಾಗ ಕುರಿ ಹಿಂದ ಇದ್ದಿ, ನೀ ಬರೂದ್ರಾಗ ನಾನ ಜೀಪಿನಾಗ ಹಾಕ್ಕೊಂಡ ಮಿರಜಕ್ಕ ಒಯ್ದೇನಿ. ನಾನ! ಬ್ಯಾರೆ ಗೌಡ ಆಗಿದ್ರ ಕಬ್ಬಿನಾಗ ಒಗದ ಬರತಿದ್ದಾ. ಅವನ ರಗತ ಇನ್ನೂ ಜೀಪಿನ ಸೀಟಿನ ಮ್ಯಾಲ ಐತಿ.

ಒಂದ ಚರಗಿ ನೀರರ ಕೊಡಬೇ. ಬಾಯಿ ಒಣಗೇತಿ... ಏಳೂದಿಲ್ಲ? ಬ್ಯಾಡ ಬಿಡು.

ಏನ ಬೇಕ ನಿನಗ? ಬಾಯಿ ಬಿಟ್ಟ ಹೇಳು. ತ್ವಾಟದ ದಂಡ್ಯಾನ ಹೊಲಾ ಬೇಕ? ಕೊಟ್ನಿ. ಕುರಿ ಬೇಕ? ಅದೂ ಬ್ಯಾಡಾ? ಹಂಗಾರ ಇದನ್ನೂ ಕೇಳು. ನಿನ್ನ ಕುರಿ ಮೇಯೂ ಹೊಲಾ ಯಾರದು? ಕುಡಿಯೂ ನೀರ ಯಾರ ಕಾಲಿವೀದು? ಈ ಗುಡಸಲಾ ನಿಂತ ಜಾಗಾ ಯಾರದು? ಒಂದ ಕಡ್ಡಿ ಗೀರಿದ್ರ ಸಾಕು, ಸೋಗಿ ಗುಡಸಲಾ, ಚಟಚಟ ಉರೀತೈತಿ. ಕುರಿ ಕುತಗಿ ಒಂದೊಂದ ಕೊಯ್ಯಸ್ತೇನಿ. ನಿನ್ನ ಮೈದುನ ಬಾಳುನ ಕೈ ಮುರಸ್ತೇನಿ. ಮಾಡೂದಿಲ್ಲ ಅಂತ ಮಾಡೀಯೇನು? ಕೈ ಒಮ್ಮೆ ಹಸಿ ಆದಮ್ಯಾಲ... ಹಸಿ ಕೈಗಿ ಮತ್ತ ನೀರಿನ ಅಂಜಿಕಿ ಎಲ್ಲೀದು!

ಹೋಗ್ಲೀ ಈ ಗಡಗಿ!

...ನೋಡು, ಒಡೀತು. ನಿನ್ನ ಸಲವಾಗಿ ಒದ್ನಿ. ಜ್ವಾಳ ಎಲ್ಲಾ ನೆಲದ ಪಾಲಾತು. ನೀ ಕದಲಲಿಲ್ಲ. ಗಡಗಿ ಒಡದ್ರೂ ಕದಲಲಿಲ್ಲ. ಎಂಥಾ ಹೆಂಗಸಬೇ ನೀ?

ತಂಗೀ... ತಂಗೀ ಅಂತೇನಿ ನೋಡು. ಖರೇ ಮಾತ ಒಂದ ಹೇಳ್ಲಿ? ಯಾರಿಗೂ ಹೇಳಿಲ್ಲ, ಕಸ್ತೂರೆವ್ವಗೂ ಹೇಳಿಲ್ಲ. ಉಸುಕ ದಪ್ಪಿದ್ದದ್ದಕ್ಕ ಮೀನ ಸಾಯಲಿಲ್ಲ. ಅಂಗಡ್ಯಾಂವ ಇನ್ನೊಂದ ಮಾತೂ ಹೇಳಿದ್ದಾ. ‘ತಪ್ಪಿ ದಪ್ಪ ಆದ್ರ ಆಗ್ಲಿ, ಕೈ ಮಾತ್ರ ಹಚ್ಚಬ್ಯಾಡ್ರಿ. ಹಂಗ ಬಿಟ್ರ ಬದಕ್ತಾವ’ ಅಂದಿದ್ದಾ. ಅವತ್ತ ಮುಂಜಾನೆ ನಾ ನೋಡ್ತೇನಿ, ಕಾಜಿನಾಗ ಉಸುಕಿನ ನಡವ ಕರೀ ಗೆರಿ ಮೂಡೇತಿ. ಪಾವಣ್ಯಾರ ಕಣ್ಣಿಗಿ ಬೀಳ್ತೈತಿ! ಕರೇ ಮಣ್ಣ ಕಂಡ ಒಕ್ಕಲಿಗ ಏನ ಮಾಡ್ತಾನ? ಹರಗ್ತಾನ. ತಳದ್ದ ಮ್ಯಾಲ ಹಾಕ್ತಾನ, ಗಾಳಿ ಬಿಸಲ ತಾಗಲಿ ಅಂತ. ನಮ್ಮಪ್ಪ ಕಲಿಸಿದ್ದ ಅದ. ತೋಳ ಮಟಾ ಕೈ ಹಾಕಿ ನಾನ ಹರಗಿದ್ನಿ, ಈ ಮೂಲಿಯಿಂದ ಆ ಮೂಲಿ ಮಟಾ. ಗುಳ್ಳಿ ಎದ್ದೂ, ಬುಳುಬುಳು... ನಾತ ಎದ್ದತು. ಮೀನ ಒಮ್ಮೆ ಮ್ಯಾಲ ಬಂದು ಬಾಯಿ ತಗದೂ, ಆತು.

ನಾ ಮಾಡಿದ್ದು. ನಾ ಮಾಡಿದ್ದಕ್ಕ ಅಂವಗ ಹೊಡದ್ನಿ. ಈಗರ ಸಮಾಧಾನ ಆತಾ? ಒಬ್ಬ ಗೌಡನ ಬಾಯಿಲೇ ಇದನ ಕೇಳಿದಿ. ಈಗ ಒಂದ ಮಾತ ಆಡು.

ಬೈಯಿ. ಬೈಯಿ ಬೇಕಾರ. ‘ನಿನ್ನ ಮನಿ ಹಾಳಾಗ್ಲಿ’ ಅನ್ನು. ಮಣ್ಣ ತೂರು. ಕುರುಬರ ಹೆಣಮಕ್ಕಳು ಎದ್ದ ನಿಂತ್ರ ಊರ ಕೇಳೂವಂಗ ಬೈತೀರಿ, ನಿನ್ನ ಅತ್ತಿ ನಮ್ಮಪ್ಪಗ ಬೈದಿದ್ಲು, ನಾ ಸಣ್ಣಾಂವಿದ್ದಾಗ. ನೀ ಬೈಯೂದಿಲ್ಲ. ಅಳೂದೂ ಇಲ್ಲ. ಬೇಕಂತೀಯೋ ಬ್ಯಾಡಂತೀಯೋ ಗೊತ್ತಾಗೂದಿಲ್ಲ. ಮತ್ತ... ಮತ್ತ ಇನ್ನೊಂದು... ಬಂದಾಗಿಂದ ನಾ ವಿಚಾರ ಮಾಡಾಕತ್ತೇನಿ, ಏನೋ ಒಂದು ಕಡಿಮಿ ಬೀಳಾಕತ್ತೈತಿ ಅಂತ. ಈಗ ಹೊಳೀತು.

ನೀ ‘ಹೆಂಗ ಅದಾನ್ರಿ?’ ಅಂತ ಕೇಳಲಿಲ್ಲ.

ಯಾವ ಹೆಂಗಸಾದ್ರೂ ಮದಲ ಕೇಳೂದ ಅದು. ನಾ ರೊಟ್ಟಿ ತಿಂದ ಅಂದ್ನಿ, ಎಷ್ಟ ತಿಂದ ಅನ್ನಲಿಲ್ಲ. ಹೊಟ್ಟ್ಯಾಗ ತೂತ ಅಂದ್ನಿ, ಎಷ್ಟ ದೊಡ್ಡದ ಅನ್ನಲಿಲ್ಲ. ‘ನನ್ನೂ ಮಿರಜಕ್ಕ ಕರಕೊಂಡ ಹೋಗ್ರಿ’ ಅಂತ ಕಾಲ ಹಿಡೀಲಿಲ್ಲ. ಯಾಕ? ಆಂ? ಯಾಕ?

ಇದರಾಗೇನೋ ಐತಿ. ಇಲ್ಲ, ಬ್ಯಾಡ, ಹೊತ್ತಿಲ್ಲ. ಕೈ ತಾ ಇಲ್ಲಿ. ಮಾತ ಬ್ಯಾಡ ನಿಂದು, ಕೈ ಸಾಕು. ನನ್ನ ಕೈ ಮ್ಯಾಲ ಕೈ ಇಟ್ಟ ವಚನ ಕೊಡು, ಎತ್ತು ಇರೀತು ಅಂತ ಹೇಳ್ತೇನಿ ಅಂತ. ಕೈ ಕೊಟ್ಟ ಮ್ಯಾಲ ನಿಮ್ಮ ಮಂದಿ ತಪ್ಪೂದಿಲ್ಲ, ನನಗ ಗೊತ್ತೈತಿ. ತಾ... ಸೆರಗಿನ ಒಳಗ ಏನ ಮುಚ್ಚಿಟಗೊಂಡ ಕುಂತಿ? ತಗಿ ಹೊರಗ. ತಗೀ ಅಂದ್ನಿ! ಎಳೀಲೇನು? ಎಳೀತೇನಿ...

ಇದೇನಬೇ ಇದು?

ರಗತ. ಮುಂಗೈ ತುಂಬ ಗೀರು... ಬಳಿ ಎಲ್ಲಿ? ಬಳಿ ಎಲ್ಲಿ ನಿನ್ನೂ? ಆ ಕೈ ತೋರಸು. ಆ ಕೈಯಾಗೂ ಇಲ್ಲ. ಕಲ್ಲಿಗಿ ಬಡಕೊಂಡ ಒಡದೀಯೇನು? ಯಾಕ ಒಡದಿ, ಹುಚ್ಚಿ! ಹೆಣಾ ಇನ್ನೂ ಮಿರಜ ಬಿಟ್ಟಿಲ್ಲ, ನಿನಗ ಯಾರ ಹೇಳಿದ್ರು...

...

ಏನಂದ್ನಿ ನಾ ಈಗ?

ಹೌದು. ಹೌದ ಸಾವಕ್ಕಾ. ಮುಂಜಾನೆ ಫೋನ ಬಂತು. ನಸುಕಿನ್ಯಾಗ ಹ್ವಾದಾ ಅಂದ್ರು. ನಿನಗ ಗೊತ್ತಾಗೂಕಿಂತ ಮದಲ ಬಂದು ನಿನ್ನ ಬಾಯಿ ಕಟ್ಟಬೇಕಂತ ಓಡಿ ಬಂದ್ನಿ. ನನಗಿಂತ ಮದಲ ಬಾಳು ನಿನಗ ಸುದ್ದಿ ಮುಟ್ಟಿಸಿರಬೇಕು, ನಾ ಹೊಸ್ತಲಾ ದಾಟಿದಾಗ ನಿನಗ ಗೊತ್ತಿತ್ತು. ಗೊತ್ತಿದ್ದೂ ಕುಂತಿ, ನನ್ನ ಬಾಯಿಲೇ ಎಲ್ಲಾ ಹೊರಗ ಬರೂತನಕಾ ಕುಂತಿ.

ಸಾವಕ್ಕಾ, ಹೊರಗ ಗಾಡಿ ನಿಂತ ಸಪ್ಪಳ ಆತು. ಫೌಜದಾರ ಬಂದಾ. ನಾ ಹಿತ್ತಲ ಕಡಿಂದ ಹೋಗ್ತೇನಿ, ನಾ ಬಂದಿದ್ದಿಲ್ಲ ಅನ್ನು. ...ಕೈ ಬಿಡು. ನಾ ಹಿಡದದ್ದ ಬಿಟ್ಟೇನಲಾ, ನೀ ಯಾಕ ಹಿಡದಿ? ಬಿಡಬೇ. ಮುರೀತೇನಿ ನೋಡು, ಕೈ ಮುರೀತೇನಿ... ಬಿಡು. ಬಿಡ ಯವ್ವಾ, ನಿನ್ನ ಕಾಲ ಬೀಳ್ತೇನಿ. ಅವರು ಒಳಗ ಬರಾಕತ್ತಾರ. ಕೈ ಬಿಡು.